ಗಂಗೆಗೆ ಗಡ್ಡ, ವೇದಾವತಿಗೆ?

ರೋಮ್ ನಗರದ ಪಿಯಾಝಾ ನವೋನಾ ಚೌಕದಲ್ಲಿ ನಮ್ಮ ಗಂಗೆ ಇದ್ದಾಳೆ. ಅಲ್ಲಲ್ಲ, ಇದ್ದಾನೆ! ಶಿಲ್ಪಿ ಬರ್ನಿನಿಯ ವಿನ್ಯಾಸದಂತೆ 1651ರಲ್ಲಿ ಮುಗಿದ ‘ನಾಲ್ಕು ನದಿಗಳ ಕಾರಂಜಿ’ಯಲ್ಲಿ ಗಂಗೆ ಗಡ್ಡ ಬಿಟ್ಟ ಗಂಡಸು. ದೋಣಿ ಸಾಗುವ ದೊಡ್ಡ ನದಿ ಎಂಬುದಕ್ಕೆ ಕೈಯಲ್ಲೊಂದು ಹುಟ್ಟು. ನೈಲ್ ನದಿಯ ಮುಖಕ್ಕೆ ಬಟ್ಟೆ ಮುಚ್ಚಿದೆ. ಅದು ಹುಟ್ಟುವ ಜಾಗ ಆಗ ಯುರೋಪಿನವರಿಗೆ ಗೊತ್ತಿರಲಿಲ್ಲ. ದಕ್ಷಿಣ ಅಮೆರಿಕದ ಪ್ಲಾಟಾ ನದಿಯ ಬಳಿ ನಾಣ್ಯಗಳ ರಾಶಿ. ಎಲ್ಲಕ್ಕಿಂತ ಮೇಲೆ, ಕಂಬದ ತುದಿಯಲ್ಲಿ ಪಾರಿವಾಳ: ಕಾರಂಜಿ ಕಟ್ಟಿಸಿದ ಪೋಪ್ ಹತ್ತನೇ ಇನೊಸೆಂಟ್ ಅವರ ಮನೆತನದ ಗುರುತು. ನೀರಿನ ಯಜಮಾನ ಯಾರೆಂದು ಬೋರ್ಡು ಹಾಕಿದ ಹಾಗೆ!

ಗ್ರೀಕರು, ರೋಮನ್ನರ ಕಾಲದಿಂದಲೂ ಅಲ್ಲಿನ ಶಿಲ್ಪಿಗಳಿಗೆ ನದಿ ಎಂದರೆ ಹೆಚ್ಚಾಗಿ ಗಂಡು ದೇವರು. ನಮಗೆ ತಾಯಿ. ಬೃಂದಾವನದ ಕಾರಂಜಿ ನೋಡಲು ಹೋದರೆ ಕನ್ನಂಬಾಡಿ ಕಟ್ಟೆಯ ಬುಡದಲ್ಲಿ ಕಾವೇರಿ ಮಾತೆಯ ವಿಗ್ರಹವಿದೆ.

ಹಾಗಾದರೆ ನಮ್ಮ ವೇದಾವತಿ? ಹಿರಿಯೂರಿನ ಬಳಿ ಅವಳಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಬಳಿಕ.

‘ವೇದಾವತಿಗೊಂದು ಕಾರಂಜಿ ಮಾಡಿದರೆ ಕೈಗೆ ಏನು ಕೊಡೋಣ?’ ಎಂದು ಕ್ಲಾಸಿನಲ್ಲಿ ಕೇಳಿದೆ. ಹೊಸದುರ್ಗದ ಗೆಳತಿ ‘ತೆಂಗಿನ ಸಸಿ’ ಎಂದಳು. ಹೊಳಲ್ಕೆರೆಯವನು ತಲೆ ಎತ್ತದೆಯೇ ‘ಖಾಲಿ ಕೊಡ’ ಎಂದ. ಯಾರೂ ನಗಲಿಲ್ಲ. ಎಲ್ಲರ ಮನೆಯಲ್ಲೂ ಬತ್ತಿದ ಬೋರ್‌ವೆಲ್ಲಿನ ಕಥೆ ಇದೆ.

ನನ್ನ ಓಟು ಖಾಲಿ ಕೊಡಕ್ಕೇ. ಪೈಪನ್ನು ಮಾತ್ರ ಕೋಡಿಯ ಮಟ್ಟಕ್ಕೆ ಜೋಡಿಸುತ್ತೇನೆ, ಸಾಗರ ತುಂಬಿದ ವರ್ಷವಷ್ಟೇ ಕೊಡದಿಂದ ನೀರು ಬೀಳುವಂತೆ.