ಒಂದು ಹತ್ತಿ ಗಿಡದೊಳಗೆ ಏಳು ಕರ್ನಾಟಕ

ಜೋಳದಿಂದ ಲೆಕ್ಕ ಶುರು ಮಾಡೋಣ. ಜೋಳದ ಜೀವಕೋಶದಲ್ಲಿ 10 ಜೋಡಿ ಕ್ರೋಮೋಸೋಮ್‌ಗಳಿವೆ. ಪ್ರತಿ ಜೋಡಿಯಲ್ಲಿ ಒಂದು ತಂದೆಯದು, ಇನ್ನೊಂದು ತಾಯಿಯದು. ಪರಾಗ ತಯಾರಾಗುವಾಗ ಮಿಯಾಸಿಸ್ ಎಂಬ ವಿಭಜನೆ ನಡೆದು, ಪ್ರತಿ ಜೋಡಿಯಿಂದ ಒಂದೇ ಒಂದು ಆಯ್ಕೆಯಾಗುತ್ತದೆ. ಯಾವುದು? ನಾಣ್ಯ ಚಿಮ್ಮಿದ ಹಾಗೆ, ಯಾವುದಾದರೂ ಸರಿ. ಹತ್ತು ಸಲ ಚಿಮ್ಮಿದರೆ 1,024 ಬಗೆ. ಎರಡು ತಳಿ ಕೂಡಿಸಿ ಬೆಳೆದ ಒಂದೇ ಒಂದು ಜೋಳದ ಗಿಡದಲ್ಲಿ ಇಷ್ಟು ಬಗೆಯ ಪರಾಗಕ್ಕೆ ಅವಕಾಶವಿದೆ. ನಮ್ಮ ರಾಯಚೂರು ಜಿಲ್ಲೆಯ ದೇವದುರ್ಗದ ತೊಗರಿಗೆ 11 ಜೋಡಿ: 2,048. ಮಾನ್ವಿಯ ಕಾಲುವೆ ನೀರು ಕುಡಿಯುವ ಭತ್ತಕ್ಕೆ 12 ಜೋಡಿ: 4,096. ಒಂದು ಜೋಡಿ ಹೆಚ್ಚಾದರೆ ಸಾಕು, ಲೆಕ್ಕ ಇಮ್ಮಡಿ!

ಮನುಷ್ಯರಿಗೆ 23 ಜೋಡಿ. ಲೆಕ್ಕ ಒಮ್ಮೆಲೇ 83,88,608ಕ್ಕೆ ಹಾರುತ್ತದೆ. ರಾಯಚೂರಿನ ತೀನ್ ಕಂದೀಲ್ ವೃತ್ತದಲ್ಲಿ ಚಹಾ ಕುಡಿಯುತ್ತ ನಿಂತ ಯಾವನೇ ಗಂಡಸನ್ನು ತೆಗೆದುಕೊಳ್ಳಿ. 2011ರ ಜನಗಣತಿಯಂತೆ ಇಡೀ ಜಿಲ್ಲೆಯ ಜನಸಂಖ್ಯೆ 19,28,812. ಅವನೊಬ್ಬನಲ್ಲಿ ಸಾಧ್ಯವಿರುವ ವೀರ್ಯಾಣುಗಳ ಬಗೆಗಳನ್ನು ಜಿಲ್ಲೆಯ ಪ್ರತಿಯೊಬ್ಬರ ಹೆಸರಿಗೂ ಒಂದೊಂದು ಬರೆದು, ಹಾಗೆಯೇ ಎರಡನೇ, ಮೂರನೇ, ನಾಲ್ಕನೇ ಸುತ್ತು ಮುಗಿಸಿದರೂ ಇನ್ನೂ ಆರೂವರೆ ಲಕ್ಷಕ್ಕೂ ಹೆಚ್ಚು ಮಿಗುತ್ತವೆ. ಅವನ ದೇಹ ವೀರ್ಯಾಣು ತಯಾರಿಸುವ ವೇಗವೂ ಕಡಿಮೆಯದಲ್ಲ: ಸೆಕೆಂಡಿಗೆ ಸುಮಾರು 1,000. ಬಸ್ಸಿನಲ್ಲಿ ಮಾನ್ವಿಗೆ ಹೋಗಿ ಬರುವ ಎರಡೂವರೆ ತಾಸಿನಲ್ಲಿ 83 ಲಕ್ಷ ದಾಟಿರುತ್ತದೆ!

ಈಗ ಹತ್ತಿಗೆ ಬನ್ನಿ. ಇಲ್ಲಿನ ಎರೆಹೊಲಗಳ ಸಂಕರ ಹತ್ತಿಗೆ 26 ಜೋಡಿ, ಮನುಷ್ಯನಿಗಿಂತ ಮೂರು ಹೆಚ್ಚು. ಮೂರೇ ತಾನೇ ಎಂದು ಹಗುರವಾಗಿ ಎಣಿಸಬೇಡಿ. ಲೆಕ್ಕ ಎಂಟು ಪಟ್ಟು ಜಿಗಿದು 6,71,08,864ಕ್ಕೆ ನಿಲ್ಲುತ್ತದೆ. 2011ರಲ್ಲಿ ಕರ್ನಾಟಕದ ಒಟ್ಟು ಜನಸಂಖ್ಯೆ 6,10,95,297. ಬೀದರದಿಂದ ಚಾಮರಾಜನಗರದವರೆಗಿನ ಅಂದಿನ ಜನರೆಲ್ಲರಿಗಿಂತ ಒಂದು ಹತ್ತಿ ಗಿಡದ ಪರಾಗದ ಬಗೆಗಳೇ ಅರವತ್ತು ಲಕ್ಷ ಜಾಸ್ತಿ!

ಸಂಕರ ಬೀಜ ತಯಾರಾಗುವುದು ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲಿ. ಕ್ರಾಸಿಂಗ್ ಕೆಲಸದವರು ಸಂಜೆ ಹೊತ್ತು, ನಾಳೆ ಅರಳಬೇಕಾದ ಮೊಗ್ಗು ಹಿಡಿದು, ಹೆಬ್ಬೆರಳ ಉಗುರಿನಿಂದ ದಳವನ್ನೂ ಕೇಸರಗಳನ್ನೂ ಸುಲಿದು ತೆಗೆಯುತ್ತಾರೆ. ಮರುದಿನ ಬೆಳಗ್ಗೆ ಗಂಡು ಸಾಲಿನ ಹೂ ತಂದು ಅದರ ಪರಾಗವನ್ನು ಶಲಾಕಾಗ್ರಕ್ಕೆ ಸವರುತ್ತಾರೆ. 1972ರಲ್ಲಿ ಧಾರವಾಡದ ವಿಜ್ಞಾನಿಗಳು ಎರಡು ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ಬಿಡುಗಡೆ ಮಾಡಿದ ವರಲಕ್ಷ್ಮಿಗೂ ಇದೇ ಕೈಕೆಲಸ ಬೇಕಿತ್ತು. ಇಂಥ ಬೀಜ ಬಿತ್ತಿದ ಹೊಲವೆಲ್ಲ ಒಂದೇ ಎತ್ತರ, ಒಂದೇ ತರಹದ ಕಾಯಿ. ಅದೇ ಗಿಡದ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೋ, ಒಂದು ಗಿಡ ಗಿಡ್ಡ, ಇನ್ನೊಂದು ಉದ್ದ. ರೈತನ ಕಣ್ಣಿಗೆ ಕಾಣುವ ಈ ಏರುಪೇರಿನ ಹಿಂದಿರುವ ಸಂಖ್ಯೆ ಎರಡೂವರೆ ಲಕ್ಷ ಕೋಟಿ. ಪ್ರತಿ ಜೋಡಿಗೂ ಮೂರು ಸಾಧ್ಯತೆ: ಎರಡೂ ತಂದೆಯ ಕಡೆಯವು, ಎರಡೂ ತಾಯಿಯ ಕಡೆಯವು, ಇಲ್ಲವೆ ಒಂದೊಂದು. ಮೂರನ್ನು 26 ಸಲ ಗುಣಿಸಿದರೆ ಅಷ್ಟು ಬಗೆಯ ಜೋಡಣೆಗಳು ಸಾಧ್ಯ! ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಬಿಟ್ಟು ಬಗೆಗೊಂದು ಗಿಡ ಹಚ್ಚಲು ಹೊರಟರೆ ಒಂದು ಕರ್ನಾಟಕ ಸಾಲದು. ಊರು, ಕಾಡು, ಕೆರೆ, ಘಟ್ಟ ಒಂದನ್ನೂ ಬಿಡದೆ ಉತ್ತರೂ ಏಳು ಕರ್ನಾಟಕ ಬೇಕು.

ಹತ್ತಿಯ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟಿದಾಗಿನ ಲೆಕ್ಕ ಅದು. ಗಂಡ ಹೆಂಡತಿ ಬೇರೆ ಬೇರೆ ಮನೆತನದವರಾದರೆ? 83,88,608ನ್ನು ಅದರಿಂದಲೇ ಗುಣಿಸಬೇಕು. ಬರುವುದು 70 ಲಕ್ಷ ಕೋಟಿ. ಒಂದೇ ದಂಪತಿಗೆ ಹುಟ್ಟಬಹುದಾದ ಮಕ್ಕಳ ಬಗೆಗಳು! ಬಗೆಗೊಂದು ಭತ್ತದ ಕಾಳು ಇಡಿ. ಸಾವಿರ ಕಾಳಿಗೆ ಹದಿನೈದು ಗ್ರಾಂ ಎಂದು ಹಿಡಿದರೂ ಹತ್ತು ಲಕ್ಷ ಟನ್ ದಾಟುತ್ತದೆ. ಹತ್ತು ಟನ್ನಿನ ಲಾರಿಗಳು ಒಂದು ಲಕ್ಷಕ್ಕೂ ಮಿಕ್ಕಿ ಬೇಕು. ಅವುಗಳ ಸಾಲು ರಾಯಚೂರಿನಿಂದ ಬೆಂಗಳೂರಿಗೆ ಹೋಗಿ, ವಾಪಸ್ ಬಂದು, ಹೈದರಾಬಾದ್ ಮುಟ್ಟುತ್ತದೆ. ಕಾಳುಗಳನ್ನು ಸೆಕೆಂಡಿಗೊಂದರಂತೆ ಎಣಿಸುತ್ತೀರಾ? ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಅಶೋಕನ ಶಾಸನ ಕೆತ್ತಿದ ದಿನ ಎಣಿಕೆ ಶುರುವಾಗಿ, ಒಂದು ರಾತ್ರಿಯೂ ನಿಲ್ಲದೆ ಇವತ್ತಿನವರೆಗೆ ನಡೆದಿದ್ದರೆ ಮುಗಿದಿರುತ್ತಿದ್ದುದು ಸಾವಿರದಲ್ಲಿ ಒಂದು ಪಾಲು!

ಇಷ್ಟಕ್ಕೂ ಇದು ಕ್ರೋಮೋಸೋಮ್‌ಗಳು ತುಂಡಾಗದೆ ಇಡಿಯಾಗಿ ದಾಟಿದರೆ ಬರುವ ಲೆಕ್ಕ. ಅವು ಹಾಗೆ ದಾಟುವುದಿಲ್ಲ. ಬೇರೆಯಾಗುವ ಮೊದಲು ಜೋಡಿಗಳು ಒಂದನ್ನೊಂದು ತಬ್ಬಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಪ್ರತಿ ಜೋಡಿಯಲ್ಲಿ ಒಂದೇ ಒಂದು ಅದಲುಬದಲು, ಅದೂ ಸಾವಿರ ಜಾಗಗಳಲ್ಲಿ ಎಲ್ಲಾದರೂ ಒಂದು ಕಡೆ, ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ ಒಬ್ಬ ವ್ಯಕ್ತಿಗೆ 76 ಅಂಕಿಗಳ ಸಂಖ್ಯೆ ಬರುತ್ತದೆ. ದಂಪತಿಗೆ 152 ಅಂಕಿ! ನಮಗೆ ಕಾಣುವ ವಿಶ್ವದ ಎಲ್ಲ ನಕ್ಷತ್ರ, ಎಲ್ಲ ಮೋಡ, ಎಲ್ಲ ಧೂಳಿನ ಪರಮಾಣುಗಳನ್ನು ಒಟ್ಟು ಹಾಕಿದರೆ ಅಂದಾಜು 81 ಅಂಕಿಗಳ ಸಂಖ್ಯೆ. ಭೂಮಿಯ ಮೇಲೆ ಇದುವರೆಗೆ ಹುಟ್ಟಿದ ಮನುಷ್ಯರು ಒಂದು ಅಂದಾಜಿನಂತೆ 11,700 ಕೋಟಿ. ಅದನ್ನು ಬರೆಯಲು 12 ಅಂಕಿ ಸಾಕು.