ಅಂಡಮಾನ್ ಪ್ರವಾಸ: ಹೊರಡುವ ಮುನ್ನ ಕೆಲವು ಆರೋಗ್ಯ ವಿಚಾರಗಳು

1789ರಲ್ಲಿ ಆರ್ಚಿಬಾಲ್ಡ್ ಬ್ಲೇರ್ ಎಂಬ ನೌಕಾಧಿಕಾರಿಯು ದಕ್ಷಿಣ ಅಂಡಮಾನಿನ ಚಾಥಮ್ ಎಂಬ ಪುಟ್ಟ ದ್ವೀಪದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಒಂದು ವಸಾಹತನ್ನು ಸ್ಥಾಪಿಸಿದನು. ಮೂರು ವರ್ಷಗಳ ಬಳಿಕ ಅದನ್ನು ಉತ್ತರ ಅಂಡಮಾನಿಗೆ ಸ್ಥಳಾಂತರಿಸಲಾಯಿತು. 1796ರಲ್ಲಿ ಅಲ್ಲಿಂದಲೂ ಎಲ್ಲರೂ ಗಂಟುಮೂಟೆ ಕಟ್ಟಬೇಕಾಯಿತು. ರೋಗ ಮತ್ತು ಸಾವುಗಳ ಎದುರು ಕಂಪನಿಯ ಬಲ ನಡೆಯಲಿಲ್ಲ. ಬ್ರಿಟಿಷರು ಅಲ್ಲಿ ಮತ್ತೆ ನೆಲೆಯೂರಿದ್ದು 1858ರಲ್ಲಿ, ಕೈದಿಗಳನ್ನು ಸಾಗಿಸಿದಾಗ.

ಒಂದು ಕಾಲಕ್ಕೆ ‘ಕಾಲಾಪಾನಿ’ ಎಂದು ಹೆಸರು ಕೇಳಿದರೇ ಜನ ನಡುಗುತ್ತಿದ್ದ ಆ ದ್ವೀಪಗಳಿಗೆ ಇಂದು ಚೆನ್ನೈಯಿಂದ ಎರಡು ಗಂಟೆಗಳಿಗಿಂತ ಸ್ವಲ್ಪ ಹೆಚ್ಚಿನ ವಿಮಾನಯಾನ ಮಾತ್ರ. ಮಕ್ಕಳು ವೃದ್ಧ ತಂದೆತಾಯಿಗಳನ್ನು ಕರೆದುಕೊಂಡು ಹೋಗುವುದೂ ಸಾಮಾನ್ಯವಾಗಿದೆ. ಆದರೆ ನಡುವಿನ ಸಮುದ್ರ ಮೊದಲಿನಷ್ಟೇ ಅಗಲವಾಗಿದೆ. ಸುಮಾರು 1,200 ಕಿಲೋಮೀಟರು. ರಾಜಧಾನಿಯಾದ ಶ್ರೀ ವಿಜಯಪುರದಲ್ಲಿ (2024ರ ಸೆಪ್ಟೆಂಬರಿನವರೆಗೆ ಇದರ ಹೆಸರು ಪೋರ್ಟ್ ಬ್ಲೇರ್) ಜಿ. ಬಿ. ಪಂತ್ ಆಸ್ಪತ್ರೆಯಿದೆ, 2015ರಿಂದ ವೈದ್ಯಕೀಯ ಕಾಲೇಜೂ ಇದೆ. ಪ್ರವಾಸಿಗಳು ತಂಗಲು ಬಯಸುವ ಸ್ವರಾಜ್ ದ್ವೀಪ ಅಥವಾ ಶಹೀದ್ ದ್ವೀಪಗಳಲ್ಲಿ (2018ರವರೆಗೆ ಹ್ಯಾವ್‌ಲಾಕ್ ಮತ್ತು ನೀಲ್) ದೊರೆಯುವುದು ಪ್ರಾಥಮಿಕ ಚಿಕಿತ್ಸೆ ಮಾತ್ರ. ರಾತ್ರಿ ಎದೆನೋವು ಕಾಣಿಸಿಕೊಂಡರೆ ಅಲ್ಲಿಂದ ಕಾರು ಹತ್ತಿ ಆಸ್ಪತ್ರೆಗೆ ಧಾವಿಸಲು ಸಾಧ್ಯವಿಲ್ಲ. ದೋಣಿಗಾಗಿಯೋ ಹೆಲಿಕಾಪ್ಟರಿಗಾಗಿಯೋ ಕಾಯಬೇಕು, ಕಡಲೂ ಆಕಾಶವೂ ಅನುಕೂಲವಾಗಿರಬೇಕು. ಆದುದರಿಂದ ಈ ಪ್ರವಾಸದ ವೈದ್ಯಕೀಯ ಸಿದ್ಧತೆ ನಡೆಯಬೇಕಾದದ್ದು ಮನೆಯಲ್ಲಿಯೇ.

ಹೃದ್ರೋಗ, ರಕ್ತದೊತ್ತಡ, ಮಧುಮೇಹ ಅಥವಾ ಉಬ್ಬಸ ಉಳ್ಳವರು ಹೊರಡುವುದಕ್ಕೆ ಎರಡು ಮೂರು ವಾರ ಮುಂಚೆಯೇ ತಮ್ಮ ವೈದ್ಯರನ್ನು ಕಾಣುವುದು ಲೇಸು. ಇತ್ತೀಚೆಗೆ ಎದೆನೋವು ಹೆಚ್ಚಾಗಿದ್ದವರು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು ಪ್ರವಾಸವನ್ನು ಮುಂದೂಡುವುದರಲ್ಲಿ ಅವಮಾನವೇನೂ ಇಲ್ಲ. ನಿತ್ಯದ ಔಷಧಿಗಳನ್ನು ಪ್ರವಾಸದ ದಿನಗಳಿಗೆ ಬೇಕಾಗುವುದಕ್ಕಿಂತ ಒಂದು ವಾರಕ್ಕಾಗುವಷ್ಟು ಹೆಚ್ಚಾಗಿಯೇ ಒಯ್ಯಬೇಕು. ಹವಾಮಾನ ಕೆಟ್ಟು ದೋಣಿ ನಿಂತುಹೋದರೆ ಮೂರು ದಿನದ ತಂಗುವಿಕೆ ಐದು ದಿನವಾಗುವುದುಂಟು. ಔಷಧಿಗಳ ಚೀಟಿ, ಇತ್ತೀಚಿನ ಇಸಿಜಿಯ ಪ್ರತಿ, ಇನ್ಸುಲಿನ್ ಇವೆಲ್ಲ ಕೈಚೀಲದಲ್ಲಿಯೇ ಇರಬೇಕು. ವಿಮಾನದ ಸರಕಿನ ಕೋಣೆಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟುವ ಸಂಭವವಿದ್ದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಉಪಯೋಗಕ್ಕೆ ಬಾರದು.

ಕಾಲವನ್ನು ಆರಿಸಿಕೊಳ್ಳುವುದೂ ಆರೋಗ್ಯದ ವಿಷಯವೇ. ಈ ದ್ವೀಪಗಳಿಗೆ ಎರಡೂ ಮುಂಗಾಳಿಗಳ ಮಳೆಯುಂಟು. ವರ್ಷಕ್ಕೆ ಸುಮಾರು 3,000 ಮಿಲಿಮೀಟರು. ಮೇ ತಿಂಗಳಿಂದ ನವೆಂಬರಿನವರೆಗೆ ಮಳೆ ಹೆಚ್ಚು, ಕಡಲೂ ಒರಟು. ಜನವರಿಯಿಂದ ಏಪ್ರಿಲ್‌ವರೆಗಿನ ದಿನಗಳು ವಯಸ್ಸಾದವರಿಗೆ ಪ್ರಶಸ್ತ. ದೇಶಕ್ಕೆಲ್ಲ ಒಂದೇ ಗಡಿಯಾರವಿದ್ದರೂ ಇಲ್ಲಿನ ಸೂರ್ಯ ಅದಕ್ಕಿಂತ ಸುಮಾರು ನಲವತ್ತು ನಿಮಿಷ ಮುಂದಿರುತ್ತಾನೆ. ಬೆಳಗಿನ ಐದಕ್ಕೇ ಬೆಳಕಾಗಿ, ಸಂಜೆ ಐದೂವರೆಯ ಸುಮಾರಿಗೆ ಕತ್ತಲಾಗುತ್ತದೆ. ನಮ್ಮ ಊರಿನ ಎಂಟು ಗಂಟೆಯ ಎಳೆಬಿಸಿಲೆಂದು ಭ್ರಮಿಸಿ ಬರಿದಲೆಯಲ್ಲಿ ತಿರುಗಿದವರು ಮಧ್ಯಾಹ್ನಕ್ಕೆ ತಲೆಹಿಡಿದು ಕೂರುತ್ತಾರೆ. ಹತ್ತರಿಂದ ಮೂರರವರೆಗೆ ನೆರಳನ್ನು ಆಶ್ರಯಿಸುವುದು, ಬಾಯಾರಿಕೆಗೆ ಕಾಯದೆ ನೀರು ಕುಡಿಯುವುದು, ಓಆರ್‌ಎಸ್ ಪುಡಿಯನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವ ರಕ್ತದೊತ್ತಡದ ರೋಗಿಗಳು ಸೆಕೆಯಲ್ಲಿ ಬೇಗ ಬಳಲುವುದರಿಂದ ಅವರು ವೈದ್ಯರ ಸಲಹೆಯನ್ನು ಮೊದಲೇ ಪಡೆದಿರಬೇಕು. ಎಳನೀರು ಅಲ್ಲಿ ಯಥೇಚ್ಛ. ಆದರೆ ಅದರಲ್ಲಿ ಪೊಟಾಸಿಯಂ ಅಧಿಕವಾದ್ದರಿಂದ ಮೂತ್ರಪಿಂಡದ ರೋಗವುಳ್ಳವರಿಗೆ ಸಲ್ಲದು.

ಚೆನ್ನೈಯಿಂದ ಹಡಗಿನಲ್ಲಿ ಹೋಗುವವರಿಗೆ ಮೂರು ದಿನಗಳಷ್ಟು, ರಾಜಧಾನಿಯಿಂದ ಸ್ವರಾಜ್ ದ್ವೀಪಕ್ಕೆ ಎರಡು ಗಂಟೆಯ ಆಸುಪಾಸಿನ ಸಮುದ್ರಯಾನ. ಒಳಕಿವಿಯು ‘ಓಲಾಡುತ್ತಿದ್ದೇವೆ’ ಎನ್ನುವಾಗ ಕೋಣೆಯ ಗೋಡೆಯನ್ನು ನೋಡುವ ಕಣ್ಣು ‘ಸುಮ್ಮನೆ ಕುಳಿತಿದ್ದೇವೆ’ ಎನ್ನುತ್ತದೆ. ಈ ಎರಡು ವರದಿಗಳ ವಿರೋಧದಿಂದಲೇ ತಲೆಸುತ್ತು, ವಾಂತಿ. ಹಡಗಿನ ನಡುಭಾಗದಲ್ಲಿ ಕುಳಿತು ದಿಗಂತವನ್ನು ನೋಡುತ್ತಿದ್ದರೆ ಬಾಧೆ ಕಡಿಮೆ. ಓದುವುದೂ ಫೋನು ನೋಡುವುದೂ ಬೇಡ. ಹೊಟ್ಟೆ ತೀರ ಖಾಲಿಯೂ ಇರಬಾರದು, ತುಂಬಿಯೂ ಇರಬಾರದು. ಎರಡು ಇಡ್ಲಿ ಸಾಕು. ಮಾತ್ರೆ ನುಂಗುವವರು ಹಡಗು ಹೊರಡುವ ಅರ್ಧ ಒಂದು ಗಂಟೆ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ಪ್ರಯೋಜನ ಅಲ್ಪ. ಈ ಮಾತ್ರೆಗಳಿಂದ ನಿದ್ದೆ ಬರುತ್ತದೆ. ಗ್ಲಾಕೋಮಾ ಇರುವವರು, ಪ್ರಾಸ್ಟೇಟ್ ಗ್ರಂಥಿಯ ತೊಂದರೆಯಿಂದ ಮೂತ್ರ ಕಟ್ಟುವ ವೃದ್ಧರು ವೈದ್ಯರನ್ನು ಕೇಳದೆ ಅವನ್ನು ಸೇವಿಸಲಾಗದು.

ಇನ್ನು ಕಡಲಿನ ವಿಚಾರ. ನೀರು ಎಷ್ಟೇ ತಿಳಿಯಾಗಿ ಕಂಡರೂ ಎಚ್ಚರಿಕೆಯ ಫಲಕವಿರುವಲ್ಲಿ ಇಳಿಯಕೂಡದು. ಈ ದ್ವೀಪಗಳ ಖಾರಿಗಳಲ್ಲಿ ಉಪ್ಪುನೀರಿನ ಮೊಸಳೆಗಳಿದ್ದು, 2010ರಲ್ಲಿ ಹ್ಯಾವ್‌ಲಾಕಿನ ತೀರದಲ್ಲಿ ವಿದೇಶೀ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಹವಳದ ಮೇಲೆ ಕಾಲಿಟ್ಟರೆ ಆಗುವ ಗೀರು ಬೇಗ ಕೀವಾಗುತ್ತದೆ. ಮಧುಮೇಹಿಗಳಿಗಂತೂ ಅದು ಚಿಕ್ಕ ಗಾಯವಲ್ಲ. ರಬ್ಬರಿನ ಪಾದರಕ್ಷೆಯಿಲ್ಲದೆ ಅವರು ನೀರಿಗಿಳಿಯದಿರುವುದು ಕ್ಷೇಮ. ಕಲ್ಲುಮೀನಿನ ಮುಳ್ಳು ಚುಚ್ಚಿದಲ್ಲಿ ಸಹಿಸಬಹುದಾದಷ್ಟು ಬಿಸಿಯಿರುವ ನೀರಿನಲ್ಲಿ ಆ ಅಂಗವನ್ನು ಒಂದು ಗಂಟೆಯವರೆಗೆ ಅದ್ದಿಟ್ಟರೆ ನೋವು ಶಮನವಾಗುತ್ತದೆ, ಅಷ್ಟರಲ್ಲಿ ವೈದ್ಯರಿಗೆ ಹೇಳಿಕಳುಹಿಸಬೇಕು.

ಆಮ್ಲಜನಕದ ಸಿಲಿಂಡರು ಕಟ್ಟಿಕೊಂಡು ಮುಳುಗುವ ವಿನೋದ ಎಂದು ಜನ ಕರೆಯುವುದುಂಟು. ಆ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಬರಿಯ ಗಾಳಿ. ನೀರಿನಾಳದ ಒತ್ತಡದಲ್ಲಿ ಆ ಗಾಳಿಯ ಸಾರಜನಕವು ರಕ್ತದಲ್ಲಿ ಹೆಚ್ಚಾಗಿ ಕರಗುತ್ತದೆ. ಒತ್ತಡ ತಟ್ಟನೆ ತಗ್ಗಿದರೆ, ಸೋಡಾ ಸೀಸೆಯ ಮುಚ್ಚಳ ತೆಗೆದಂತೆ, ಅದು ಗುಳ್ಳೆಗಳಾಗಿ ಏಳುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ನೆಲದಲ್ಲಿರುವುದಕ್ಕಿಂತ ಕಡಿಮೆ. ಆದ್ದರಿಂದ ಮುಳುಗಿ ಬಂದವರು ಒಂದು ಹಗಲು ಒಂದು ರಾತ್ರಿ ಕಳೆಯದೆ ವಿಮಾನ ಹತ್ತಬಾರದು. ಪ್ರವಾಸದ ಮೊದಲ ದಿನಗಳನ್ನು ಕಡಲಿಗೂ ಕೊನೆಯ ದಿನವನ್ನು ಸೆಲ್ಯುಲರ್ ಜೈಲಿಗೂ ಮೀಸಲಿಟ್ಟರೆ ಈ ತೊಡಕೇ ಇಲ್ಲ. 1906ರಲ್ಲಿ ಪೂರ್ಣಗೊಂಡು 1979ರಲ್ಲಿ ರಾಷ್ಟ್ರೀಯ ಸ್ಮಾರಕವಾದ ಆ ಕಟ್ಟಡದ ಒಂಟಿ ಕೋಣೆಗಳನ್ನು ನೋಡಲು ಅರ್ಧ ದಿನವಾದರೂ ಬೇಕು.

ಭೂಮಿ ಬಲವಾಗಿ ನಡುಗಿದರೆ, ಅಥವಾ ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಯಾರ ಅಪ್ಪಣೆಗೂ ಕಾಯದೆ, ಸಾಮಾನುಗಳನ್ನು ಬಿಟ್ಟು ಎತ್ತರದ ಜಾಗಕ್ಕೆ ಏರಬೇಕು. 2004ರ ಡಿಸೆಂಬರ್ 26ರ ಸುನಾಮಿಯನ್ನು ಕಂಡ ನೆಲವದು.

ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆಗಳನ್ನು ನೋಡಲು ರಸ್ತೆಯಲ್ಲಿ ಹೋಗುವವರು ಜರವಾ ಜನರ ಮೀಸಲು ಅರಣ್ಯವನ್ನು ಹಾದು ಹೋಗುತ್ತಾರೆ. ವಾಹನಗಳು ಪೊಲೀಸರ ಬೆಂಗಾವಲಿನಲ್ಲಿ ಸಾಲಾಗಿ ಸಾಗುತ್ತವೆ. ನಿಲ್ಲಿಸುವುದು, ಚಿತ್ರ ತೆಗೆಯುವುದು, ತಿಂಡಿ ಕೊಡುವುದು ಕಾನೂನಿಗೆ ವಿರುದ್ಧ. ಬಿಸ್ಕತ್ತು ಎಸೆಯುವುದನ್ನು ಕರುಣೆಯೆಂದು ತಿಳಿಯುವವರಿದ್ದಾರೆ. ಮನುಷ್ಯರನ್ನು ಪ್ರಾಣಿಸಂಗ್ರಹಾಲಯದ ಪ್ರಾಣಿಗಳಂತೆ ಕಾಣುವ ಆ ನಡತೆಯ ಅಸಭ್ಯತೆ ಹಾಗಿರಲಿ, ಅದರ ಹಿಂದಿನ ಅಪಾಯ ಇನ್ನೂ ದೊಡ್ಡದು. ಬಹುಕಾಲ ಹೊರಜಗತ್ತಿನಿಂದ ದೂರವಿದ್ದ ಜನರಿಗೆ ನಮ್ಮ ಸಾಮಾನ್ಯ ರೋಗಗಳನ್ನು ತಡೆಯುವ ಶಕ್ತಿ ಕಡಿಮೆ. 1877ರಲ್ಲಿ ದಡಾರವು ಗ್ರೇಟ್ ಅಂಡಮಾನಿ ಜನಾಂಗದಲ್ಲಿ ಹರಡಿ ಅಪಾರ ಸಾವುಗಳಿಗೆ ಕಾರಣವಾಯಿತು. ಒಮ್ಮೆ ಸಾವಿರಗಟ್ಟಲೆಯಿದ್ದ ಆ ಜನ 1961ರ ಜನಗಣತಿಯಲ್ಲಿ ಕೇವಲ 19 ಮಂದಿ. 1999ರಲ್ಲಿ ಅದೇ ದಡಾರ ಜರವಾ ಜನರಲ್ಲಿಯೂ ಕಾಣಿಸಿಕೊಂಡಿತು. ಕೆಮ್ಮು, ಜ್ವರ ಅಥವಾ ಮೈಮೇಲೆ ಗುಳ್ಳೆ ಇರುವ ಮಗುವಿನೊಡನೆ ಆ ದಾರಿಯಲ್ಲಿ ಹೋಗದಿರುವುದೇ ಯೋಗ್ಯ. ಗುಹೆಗಳು ಎಲ್ಲಿಗೂ ಓಡಿಹೋಗವು.

ಸೊಳ್ಳೆಯ ಕಾಟ ಹಿಂದಿಗಿಂತ ತಗ್ಗಿದೆಯಾದರೂ ಮಲೇರಿಯಾ, ಡೆಂಗೆಗಳು ಪೂರ್ತಿ ಹೋಗಿಲ್ಲ. ಇಲ್ಲಿನ ಮಲೇರಿಯಾ ಹರಡುವ ಸೊಳ್ಳೆ ಕಡಲಂಚಿನ ಸವಳು ನೀರಿನಲ್ಲಿಯೂ ಬೆಳೆಯಬಲ್ಲುದು. ಸಂಜೆಯ ಮೇಲೆ ತುಂಬುತೋಳಿನ ಬಟ್ಟೆ, ರಾತ್ರಿ ಸೊಳ್ಳೆಪರದೆ ಅವಶ್ಯ. ಮರಳುನೊಣ ಕಚ್ಚಿದಲ್ಲಿ ಕೆರೆದುಕೊಂಡರೆ ಹುಣ್ಣಾಗುತ್ತದೆ. ಮಳೆಯ ನಂತರ ನಿಂತ ನೀರಿನಲ್ಲಿ ಬರಿಗಾಲಲ್ಲಿ ನಡೆಯುವುದರಿಂದ ಇಲಿಜ್ವರ ತಗಲಬಹುದು. ಈ ದ್ವೀಪಗಳಲ್ಲಿ ಅನೇಕರನ್ನು ಬಲಿತೆಗೆದುಕೊಂಡು ‘ಅಂಡಮಾನ್ ರಕ್ತಸ್ರಾವ ಜ್ವರ’ವೆಂದು ಹೆಸರಾಗಿದ್ದ ಕಾಯಿಲೆ ಕಡೆಗೆ ಇಲಿಜ್ವರವೇ ಎಂದು ಸಂಶೋಧನೆಯಿಂದ ತಿಳಿದುಬಂದಿತು.

ಊರಿಗೆ ಮರಳಿದ ಮೇಲೆ ಒಂದು ತಿಂಗಳೊಳಗೆ ಜ್ವರ ಬಂದರೆ ಅದನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕದೆ ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ಮಲೇರಿಯಾದ ಒಂದು ಬಗೆ ತಿಂಗಳುಗಳ ತರುವಾಯವೂ ತಲೆಯೆತ್ತಬಲ್ಲುದು. ಮುಂಬಯಿಯ ಅಥವಾ ದೆಹಲಿಯ ವೈದ್ಯರು ಕೇಳದಿದ್ದರೂ, ಅಂಡಮಾನಿಗೆ ಹೋಗಿದ್ದ ಸಂಗತಿಯನ್ನು ರೋಗಿಯೇ ಮೊದಲು ಹೇಳಬೇಕು.