ರಕ್ತ ಸಿಗದೆ ಸಾಯುವ ಮೂಳೆ

ಮೂಳೆ ಎಂದೊಡನೆ ಕಲ್ಲಿನಂತೆ ಗಟ್ಟಿಯಾದ, ಜೀವವಿಲ್ಲದ ವಸ್ತುವೆಂಬ ಭಾವನೆ ನಮ್ಮಲ್ಲಿ ಮೂಡುತ್ತದೆ. ವಾಸ್ತವದಲ್ಲಿ ಮೂಳೆಯೂ ಚರ್ಮ, ಮಾಂಸಗಳಂತೆ ಸಜೀವವಾದುದು. ಅದರೊಳಗೆ ಜೀವಕೋಶಗಳಿವೆ, ಸೂಕ್ಷ್ಮ ರಕ್ತನಾಳಗಳು ಅವುಗಳಿಗೆ ಪೋಷಣೆಯನ್ನೂ ಆಮ್ಲಜನಕವನ್ನೂ ಒದಗಿಸುತ್ತವೆ. ಹಳೆಯ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟುವ ಕಾರ್ಯ ಜೀವಮಾನವಿಡೀ ನಡೆದಿರುತ್ತದೆ. ಮುರಿದ ಕೈ ಕೆಲವು ವಾರಗಳಲ್ಲಿ ಕೂಡಿಕೊಳ್ಳುವುದು ಈ ಜೀವಂತಿಕೆಯಿಂದಲೇ. ಮೂಳೆಯ ಯಾವುದಾದರೂ ಭಾಗಕ್ಕೆ ರಕ್ತದ ಪೂರೈಕೆ ನಿಂತುಹೋದರೆ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಇದನ್ನು ವೈದ್ಯರು ‘ಅವ್ಯಾಸ್ಕ್ಯುಲರ್ ನೆಕ್ರೋಸಿಸ್’, ಸಂಕ್ಷಿಪ್ತವಾಗಿ ‘ಎವಿಎನ್’ ಎಂದು ಕರೆಯುತ್ತಾರೆ.

ಸೊಂಟದ ಕೀಲಿಗೇ ಏಕೆ?

ಭುಜ, ಮೊಣಕಾಲು, ಪಾದದ ಕೀಲು, ಮಣಿಕಟ್ಟುಗಳಲ್ಲಿಯೂ ಈ ತೊಂದರೆ ಕಾಣಿಸಿಕೊಳ್ಳಬಹುದು. ಆದರೆ ಅತಿ ಹೆಚ್ಚಾಗಿ ಕಂಡುಬರುವುದು ಸೊಂಟದ ಕೀಲಿನಲ್ಲಿ. ತೊಡೆಮೂಳೆಯ ಮೇಲ್ತುದಿ ಚೆಂಡಿನಂತೆ ದುಂಡಗಿದ್ದು, ಸೊಂಟದ ಮೂಳೆಯ ಬಟ್ಟಲಿನಲ್ಲಿ ಕುಳಿತು ತಿರುಗುತ್ತದೆ. ಈ ಚೆಂಡಿಗೆ ರಕ್ತ ತಲುಪಬೇಕಾದರೆ ಮೂಳೆಯ ಕತ್ತನ್ನು ಹಾಯ್ದು ಬರುವ ಕೆಲವೇ ಸಣ್ಣ ನಾಳಗಳು ಆಧಾರ. ಕಾಲುವೆಯ ಕೊನೆಯಲ್ಲಿರುವ ಹೊಲದ ಸ್ಥಿತಿ ರೈತರಿಗೆ ತಿಳಿದೇ ಇದೆ; ಮೇಲೆ ಎಲ್ಲಿ ಅಡ್ಡಿಯಾದರೂ ಮೊದಲು ಒಣಗುವುದು ಆ ಹೊಲವೇ. ತೊಡೆಮೂಳೆಯ ತಲೆಯದೂ ಅದೇ ಸ್ಥಿತಿ.

ಸತ್ತ ಮೂಳೆ ಕೂಡಲೇ ಕುಸಿಯುವುದಿಲ್ಲ. ದೇಹವು ಅದನ್ನು ದುರಸ್ತಿ ಮಾಡಲು ತೊಡಗುತ್ತದೆ. ಆದರೆ ಸತ್ತ ಭಾಗವನ್ನು ತೆಗೆಯುವ ವೇಗಕ್ಕೆ ಸರಿಯಾಗಿ ಹೊಸ ಮೂಳೆ ಹುಟ್ಟದಿರುವುದರಿಂದ, ಗೆದ್ದಲು ಹಿಡಿದ ತೊಲೆಯಂತೆ ಒಳಗೊಳಗೇ ಟೊಳ್ಳಾಗುತ್ತದೆ. ಮೈಭಾರ ತಾಳಲಾರದೆ ಒಂದು ದಿನ ದುಂಡನೆಯ ತಲೆ ಚಪ್ಪಟೆಯಾಗುತ್ತದೆ. ಅನಂತರ ಇಡೀ ಕೀಲು ಸವೆಯುತ್ತದೆ. ಈ ಕುಸಿತಕ್ಕೆ ಮೊದಲು ದೊರೆಯುವ ತಿಂಗಳುಗಳೇ ಚಿಕಿತ್ಸೆಗೆ ಅಮೂಲ್ಯವಾದ ಕಾಲ.

ಕಾರಣಗಳು

ತೊಡೆಮೂಳೆಯ ಕತ್ತು ಮುರಿದಾಗ ಅಥವಾ ಸೊಂಟದ ಕೀಲು ತಪ್ಪಿದಾಗ ರಕ್ತನಾಳಗಳು ಹರಿಯುತ್ತವೆ. ತಪ್ಪಿದ ಕೀಲನ್ನು 6 ಗಂಟೆಯೊಳಗೆ ಸ್ವಸ್ಥಾನಕ್ಕೆ ಕೂರಿಸಬೇಕೆಂದು ವೈದ್ಯರು ಅವಸರಿಸುವುದು ಇದಕ್ಕಾಗಿಯೇ.

ಪೆಟ್ಟಿಲ್ಲದೆ ಬರುವ ಎವಿಎನ್‌ಗೆ ಎರಡು ಮುಖ್ಯ ಕಾರಣಗಳೆಂದರೆ ಸ್ಟಿರಾಯ್ಡ್ ಔಷಧಿ ಮತ್ತು ಅತಿಯಾದ ಮದ್ಯಪಾನ. ಇವು ಮೂಳೆಯೊಳಗಿನ ಕೊಬ್ಬನ್ನು ಹೆಚ್ಚಿಸಿ ಸೂಕ್ಷ್ಮ ನಾಳಗಳನ್ನು ಒತ್ತುತ್ತವೆ, ಮುಚ್ಚುತ್ತವೆ. ಕೋವಿಡ್ ಕಾಲದಲ್ಲಿ ಸ್ಟಿರಾಯ್ಡ್ ಅನೇಕರ ಜೀವ ಉಳಿಸಿತು; ಅದೇ ಔಷಧಿ ಪಡೆದ ಕೆಲವರಲ್ಲಿ ತಿಂಗಳುಗಳ ಬಳಿಕ ಎವಿಎನ್ ಕಾಣಿಸಿಕೊಂಡುದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ಕಾಯಿಲೆಯೂ ಒಂದು ಕಾರಣ. ನಮ್ಮ ರಾಜ್ಯದ ಮೈಸೂರು, ಚಾಮರಾಜನಗರ ಭಾಗಗಳ ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇದೆ. ಕೆಲವರಲ್ಲಿ ಯಾವ ಕಾರಣವೂ ದೊರೆಯುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ದಮ್ಮು, ಚರ್ಮರೋಗ, ಕೀಲುನೋವುಗಳಿಗೆಂದು ಕೊಡುವ ಹೆಸರಿಲ್ಲದ ಪುಡಿ, ಮಾತ್ರೆಗಳಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. ಎರಡೇ ದಿನದಲ್ಲಿ ಪವಾಡದಂತೆ ಗುಣ ತೋರುವ ಇಂಥ ಔಷಧಿಯನ್ನು ಸಂಶಯದಿಂದಲೇ ಕಾಣಬೇಕು. ಹಾಗೆಯೇ, ವೈದ್ಯರು ಅಗತ್ಯವೆಂದು ಕೊಟ್ಟ ಸ್ಟಿರಾಯ್ಡನ್ನು ಹೆದರಿ ತಟ್ಟನೆ ನಿಲ್ಲಿಸಲೂಬಾರದು, ಅದರಿಂದ ಪ್ರಾಣಾಪಾಯವಾದೀತು. ಪ್ರಮಾಣವನ್ನು ಅವರೇ ಕ್ರಮವಾಗಿ ಇಳಿಸಬೇಕು.

ಲಕ್ಷಣ ಮತ್ತು ಪರೀಕ್ಷೆ

ಈ ರೋಗ ಹೆಚ್ಚಾಗಿ 30ರಿಂದ 50 ವರ್ಷದೊಳಗಿನವರನ್ನು, ಅಂದರೆ ದುಡಿಯುವ ವಯಸ್ಸಿನವರನ್ನು ಹಿಡಿಯುತ್ತದೆ. ತೊಡೆಸಂದಿನಲ್ಲಿ ನೋವು ಆರಂಭವಾಗಿ ತೊಡೆಗೆ, ಕೆಲವೊಮ್ಮೆ ಮೊಣಕಾಲಿಗೆ ಇಳಿಯುತ್ತದೆ. ಮೊಣಕಾಲಿಗೆ ಎಣ್ಣೆ ಹಚ್ಚುತ್ತಾ ತಿಂಗಳುಗಳನ್ನು ಕಳೆದವರುಂಟು. ಪೂಜೆಗೆ ಪದ್ಮಾಸನ ಹಾಕಲಾಗದಿರುವುದು, ಪ್ರಸಾದದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲಾಗದಿರುವುದು, ಕುಂಟುತ್ತಾ ನಡೆಯುವುದು ಮುಂದಿನ ಲಕ್ಷಣಗಳು. ಕೆಲವರಿಗೆ ಮೊದಮೊದಲು ನೋವೇ ಇರುವುದಿಲ್ಲ.

ಆರಂಭದ ಹಂತದಲ್ಲಿ ಎಕ್ಸ್‌ರೇ ಸಂಪೂರ್ಣ ಸರಿಯಾಗಿಯೇ ಕಾಣಬಹುದು. ‘ಎಕ್ಸ್‌ರೇಯಲ್ಲಿ ಏನೂ ಇಲ್ಲ’ ಎಂದು ನೆಮ್ಮದಿಯಿಂದಿರುವಾಗಲೇ ಕಾಲ ಮೀರಿಹೋಗುತ್ತದೆ. ಎಂಆರ್‌ಐ ಪರೀಕ್ಷೆ ಮಾತ್ರ ಈ ಹಂತದಲ್ಲಿಯೂ ರೋಗವನ್ನು ಗುರುತಿಸಬಲ್ಲದು. ಎರಡೂ ಕಡೆಯ ಕೀಲುಗಳಿಗೆ ರೋಗ ತಗಲುವುದು ಸಾಮಾನ್ಯವಾದ್ದರಿಂದ ನೋವಿಲ್ಲದ ಬದಿಯನ್ನೂ ನೋಡಿಸಬೇಕು.

ಚಿಕಿತ್ಸೆ

ತಲೆ ಕುಸಿಯುವ ಮೊದಲೇ ಪತ್ತೆಯಾದರೆ ಮೂಳೆಯಲ್ಲಿ ಸಣ್ಣ ರಂಧ್ರ ಕೊರೆದು ಒಳಗಿನ ಒತ್ತಡವನ್ನು ಇಳಿಸುವ ಶಸ್ತ್ರಚಿಕಿತ್ಸೆ ಇದೆ. ಅಗತ್ಯವಿದ್ದರೆ ಬೇರೆಡೆಯ ಮೂಳೆಯನ್ನು ತಂದು ತುಂಬುತ್ತಾರೆ. ರೋಗ ತಗಲಿದ ಭಾಗ ಚಿಕ್ಕದಾಗಿದ್ದಷ್ಟೂ ಕೀಲು ಉಳಿಯುವ ಆಶೆ ಹೆಚ್ಚು. ಭಾರ ಎತ್ತುವುದನ್ನು ಬಿಡಬೇಕು. ನಡೆಯುವಾಗ ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಊರುಗೋಲು ಹಿಡಿಯಬೇಕು. ಮದ್ಯವನ್ನು ಪೂರ್ಣವಾಗಿ ತ್ಯಜಿಸಬೇಕು. ಎಣ್ಣೆ ತಿಕ್ಕುವುದರಿಂದ ಸ್ನಾಯುಗಳಿಗೆ ಹಿತವೆನಿಸಬಹುದು. ಸತ್ತ ಮೂಳೆಗೆ ರಕ್ತ ಮರಳದು. ಕಾಲನ್ನು ಬಲವಂತವಾಗಿ ಎಳೆಸಿ ತಿರುಗಿಸುವುದಂತೂ ಸಲ್ಲದು.

ಕೀಲು ಕುಸಿದು ಸವೆದ ಮೇಲೆ ಕೀಲು ಬದಲಾವಣೆಯೇ ಮಾರ್ಗ. ಕೃತಕ ಕೀಲು ಹೆಚ್ಚಿನವರಲ್ಲಿ 15 ವರ್ಷಗಳಿಗೂ ಮಿಗಿಲಾಗಿ ಬಾಳುತ್ತದೆ. ಆದರೂ 35ರ ವಯಸ್ಸಿನಲ್ಲಿ ಹಾಕಿಸಿಕೊಂಡವರಿಗೆ ಮುಂದೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾದೀತು. ಆದಕಾರಣ ಸ್ವಂತ ಕೀಲನ್ನು ಉಳಿಸಿಕೊಳ್ಳುವ ಪ್ರಯತ್ನವೇ ಮೊದಲು ನಡೆಯಬೇಕು.

ಕಾಯಕಕ್ಕೆ ಕಾಯವೇ ಆಧಾರ. ಮನೆಯಲ್ಲಿ ಯಾರಾದರೂ ಎರಡು ಮೂರು ವಾರ ಕಳೆದರೂ ತೊಡೆಸಂದಿನ ನೋವು ಹೋಗಿಲ್ಲವೆಂದರೆ, ಅದರಲ್ಲೂ ಅವರು ಹಿಂದೆ ಸ್ಟಿರಾಯ್ಡ್ ಪಡೆದಿದ್ದರೆ, ವಾಯು ಎಂದೋ ಉಳುಕು ಎಂದೋ ಕಡೆಗಣಿಸದೆ ಮೂಳೆತಜ್ಞರಲ್ಲಿಗೆ ಕರೆದೊಯ್ಯಿರಿ. ಹಿಂದೆ ತೆಗೆದುಕೊಂಡ ಔಷಧಿಗಳ ಚೀಟಿಗಳನ್ನೂ ಜೊತೆಯಲ್ಲಿ ಒಯ್ಯಿರಿ.